ಸ್ಕೋರ್ ಚೆನ್ನಾಗಿದೆ, ಫೋನ್ ಮಾತ್ರ ಕೊಡಲ್ಲ

1/9

ಈ ಸಲದ ಸೀರೀಸ್ ಸ್ವಲ್ಪ ಉದ್ದ ಇದೆ. ಸೇವ್ ಮಾಡ್ಕೊಂಡು ನಿಧಾನವಾಗಿ ಓದಿ. ನಮ್ಮ ಬ್ಯಾಚ್‌ನಲ್ಲಿ ಕೆಲಸಕ್ಕೆ ಸೇರಿರೋ ಎಲ್ಲರಿಗೂ ಒಂದಲ್ಲ ಒಂದು ದಿನ ಬೇಕಾಗೋ ವಿಷಯ ಇದು.

ಮೊದಲ ಸಂಬಳ ಬಂದ ದಿನದಿಂದ ನಮಗೆಲ್ಲ ಒಂದೇ ಉಪದೇಶ: "ಸಿಬಿಲ್ ಚೆನ್ನಾಗಿ ಇಟ್ಕೊಳ್ಳಪ್ಪ." ಸರಿ, ಇಟ್ಕೊಂಡ್ವಿ. ಕಂತು ತಪ್ಪಿಸಲಿಲ್ಲ, ಕಾರ್ಡ್ ಬಿಲ್ ಬಾಕಿ ಉಳಿಸಲಿಲ್ಲ. ಸ್ಕೋರ್ 750 ದಾಟಿತು. ಆಮೇಲೆ ಒಂದು ದಿನ ಮೊಬೈಲ್ ಅಂಗಡಿಗೆ ಹೋಗಿ ಇಎಂಐ ಮೇಲೆ ಫೋನ್ ಕೇಳಿದರೆ ಕೌಂಟರ್‌ನಲ್ಲಿರೋ ಹುಡುಗ ಸ್ಕ್ರೀನ್ ನೋಡಿ ಹೇಳ್ತಾನೆ: "ಸಿಸ್ಟಮ್ ತಗೊಳ್ತಿಲ್ಲ ಸರ್." ಯಾಕೆ ಅಂತ ಕೇಳಿದರೆ ಅವನಿಗೂ ಗೊತ್ತಿಲ್ಲ. ಕಸ್ಟಮರ್ ಕೇರ್‌ಗೂ ಗೊತ್ತಿಲ್ಲ. ಪಕ್ಕದಲ್ಲಿ ನಿಂತವರು ಮಾತ್ರ "ಓಹೋ, ಇವರದ್ದು ಸಿಬಿಲ್ ಕೆಟ್ಟಿರಬೇಕು" ಅಂತ ನೋಡ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಸಾಲ ಕೊಡಲ್ಲ ಅನ್ನೋ ಅಧಿಕಾರ ಕಂಪನಿಗೆ ಇದೆ, ಇರಬೇಕು ಕೂಡ. ಆದರೆ ಕಾರಣ ಹೇಳದೆ ಕೊಡಲ್ಲ ಅನ್ನೋ ಅಧಿಕಾರ ಅದಕ್ಕೆ ಇರಬಾರದು. ನಾವೂ ಕಾರಣ ಕೇಳದೆ ತಲೆ ತಗ್ಗಿಸಿಕೊಂಡು ಹೊರಗೆ ಬರಬಾರದು.

2/9

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ಇಎಂಐ ಫೋನ್ ಅಂದ್ರೆ ಸಾಲ. "ನೋ ಕಾಸ್ಟ್ ಇಎಂಐ" ಅಂತ ಬೋರ್ಡ್ ಇದ್ದರೂ ಅದು ಸಾಲವೇ. ಅಂಗಡಿಯವರು ದುಡ್ಡು ಹಾಕಲ್ಲ. ಒಂದು ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ ನಿಮ್ಮ ಪರವಾಗಿ ಅಂಗಡಿಗೆ ದುಡ್ಡು ಕೊಟ್ಟು, ನಿಮ್ಮಿಂದ ತಿಂಗಳ ಕಂತು ವಸೂಲಿ ಮಾಡುತ್ತೆ. ಎನ್‌ಬಿಎಫ್‌ಸಿ ಅಂದ್ರೆ ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿ. 12,000 ರೂಪಾಯಿ ಫೋನ್ ಆದರೂ ಅದು ನಿಮ್ಮ ಕ್ರೆಡಿಟ್ ರಿಪೋರ್ಟ್‌ನಲ್ಲಿ ಒಂದು ಸಾಲದ ಖಾತೆಯಾಗಿ ಕೂರುತ್ತೆ.

ಆ ರಿಪೋರ್ಟ್ ಇಟ್ಟುಕೊಳ್ಳೋರು ಯಾರು? ನಾವೆಲ್ಲ ಬಾಯಿ ಮಾತಿಗೆ "ಸಿಬಿಲ್" ಅಂತೀವಿ. ಆದರೆ ದೇಶದಲ್ಲಿ ಆರ್‌ಬಿಐ ಅನುಮತಿ ಪಡೆದ ಕ್ರೆಡಿಟ್ ಬ್ಯೂರೋಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಇವು ನಡೆಯೋದು 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆ ಪ್ರಕಾರ. ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇರುತ್ತೆ.

ನಾಲ್ಕು ಕಡೆಯ ಸ್ಕೋರ್ ಒಂದೇ ಇರಬೇಕು ಅಂತೇನಿಲ್ಲ. ನೀವು ಪೇಮೆಂಟ್ ಆ್ಯಪ್‌ನಲ್ಲಿ ನೋಡಿ ಖುಷಿಪಟ್ಟ ಸ್ಕೋರ್ ಒಂದು ಬ್ಯೂರೋದ್ದು, ಕಂಪನಿ ತೆಗೆದು ನೋಡಿದ್ದು ಇನ್ನೊಂದು ಬ್ಯೂರೋದ್ದು ಆಗಿರಬಹುದು.

ಇನ್ನೊಂದು ಮಾತು. ಹಿಂದೆ ತಗೊಂಡ ಸಾಲ ಹೇಗೆ ಕಟ್ಟಿದ್ದೀರಿ ಅನ್ನೋದನ್ನಷ್ಟೇ ಸ್ಕೋರ್ ಹೇಳುತ್ತೆ. ನಿಮ್ಮ ಉಳಿತಾಯ ಖಾತೆಯಲ್ಲಿ ಎಷ್ಟಿದೆ, ಎಫ್‌ಡಿ ಇದೆಯಾ, ಮನೆಯಲ್ಲಿ ಅಡಿಕೆ ತೋಟ ಇದೆಯಾ, ಅದಕ್ಕೆ ಗೊತ್ತಿಲ್ಲ. ಹಾಗಾಗಿ ಕಂಪನಿಗಳು ಸ್ಕೋರ್ ಜೊತೆ ತಮ್ಮದೇ ಲೆಕ್ಕ ಹಾಕ್ತವೆ: ಸಂಬಳದಲ್ಲಿ ಎಷ್ಟು ಭಾಗ ಆಗಲೇ ಕಂತಿಗೆ ಹೋಗ್ತಿದೆ, ಕೆಲಸಕ್ಕೆ ಸೇರಿ ಎಷ್ಟು ತಿಂಗಳಾಯ್ತು, ಯಾವ ಪಿನ್ ಕೋಡ್, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿದ್ದೀರಿ. ಒಳ್ಳೆ ಸ್ಕೋರ್ ಇದ್ದರೆ ಬಾಗಿಲ ತನಕ ಹೋಗಬಹುದು, ಅಷ್ಟೇ. ಒಳಗೆ ಬಿಡೋದು ಅವರ ಲೆಕ್ಕ.

3/9

ನನ್ನದೇ ಒಂದು ಉದಾಹರಣೆ. ಕಂಪನಿ ಹೆಸರು ಹಾಕಲ್ಲ, ಅದು ಇಲ್ಲಿ ಮುಖ್ಯ ಅಲ್ಲ.

ಫೋನ್ ಬೆಲೆ 24,000. ಡೌನ್ ಪೇಮೆಂಟ್ 4,000, ಉಳಿದದ್ದು 2,000ದಂತೆ ಹತ್ತು ಕಂತು. ನನ್ನ ಸ್ಕೋರ್ 774. ಸ್ಕೂಟರ್ ಸಾಲ 24 ತಿಂಗಳು ಕಟ್ಟಿ ಮುಗಿಸಿದ್ದೆ, ಒಂದು ದಿನವೂ ಲೇಟ್ ಇಲ್ಲ. ಎರಡೇ ನಿಮಿಷದಲ್ಲಿ ರಿಜೆಕ್ಟ್. ಸಂಜೆ ಇಂಗ್ಲಿಷ್‌ನಲ್ಲಿ ಒಂದು ಮೆಸೇಜ್ ಬಂತು. ಆಂತರಿಕ ನೀತಿಯ ಪ್ರಕಾರ ಅರ್ಜಿ ಪರಿಗಣಿಸೋಕೆ ಆಗಿಲ್ಲ, 90 ದಿನ ಬಿಟ್ಟು ಮತ್ತೆ ಪ್ರಯತ್ನಿಸಿ ಅಂತ.

90 ದಿನದಲ್ಲಿ ಏನು ಬದಲಾಗಬೇಕು? ಅದನ್ನು ಹೇಳಿರಲಿಲ್ಲ. ನಾಲ್ಕೂ ಬ್ಯೂರೋಗಳ ರಿಪೋರ್ಟ್ ತೆಗೆದು ನೋಡಿದೆ, ಎಲ್ಲೂ ಕೆಂಪು ಗುರುತಿಲ್ಲ. ಕಸ್ಟಮರ್ ಕೇರ್‌ಗೆ ಬರೆದೆ, ಅದೇ "ಆಂತರಿಕ ನೀತಿ" ಸಾಲು ಕಾಪಿ-ಪೇಸ್ಟ್ ಆಗಿ ವಾಪಸ್ ಬಂತು. ಆಮೇಲೆ ಅವರ ವೆಬ್‌ಸೈಟ್‌ನಲ್ಲಿ ಕುಂದುಕೊರತೆ ಅಧಿಕಾರಿಯ ವಿಳಾಸ ಹುಡುಕಿ, ನೇರವಾಗಿ ಒಂದೇ ಪ್ರಶ್ನೆ ಕೇಳಿದೆ: ನಿರಾಕರಣೆಗೆ ಮುಖ್ಯ ಕಾರಣ ಏನು?

19ನೇ ದಿನ ಉತ್ತರ ಬಂತು. ಪ್ಯಾನ್‌ನಲ್ಲಿರೋ ಹೆಸರಿಗೂ ಬ್ಯಾಂಕ್ ಖಾತೆಯಲ್ಲಿರೋ ಹೆಸರಿಗೂ ಹೊಂದಾಣಿಕೆ ಆಗಿಲ್ಲ. ಅಷ್ಟೇ! ಸ್ಕೋರ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಬ್ಯಾಂಕಿಗೆ ಹೋಗಿ ಪ್ಯಾನ್ ಜೆರಾಕ್ಸ್ ಕೊಟ್ಟು, ಅರ್ಜಿ ಬರೆದು ಹೆಸರು ಸರಿ ಮಾಡಿಸೋಕೆ ನಾಲ್ಕು ದಿನ ಸಾಕಾಯ್ತು. ನಾಲ್ಕು ದಿನದಲ್ಲಿ ಮುಗಿಯೋ ಕೆಲಸಕ್ಕೆ 90 ದಿನ ಕಾಯಿ ಅಂದಿದ್ರು, ಅದೂ ಏನು ಮಾಡಬೇಕು ಅಂತ ಹೇಳದೆ.

4/9

ಈ ಹೆಸರಿನ ತಾಪತ್ರಯ ನಮ್ಮ ಕಡೆ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ನಮ್ಮಲ್ಲಿ ತುಂಬಾ ಜನಕ್ಕೆ ಸರ್‌ನೇಮ್ ಅನ್ನೋದೇ ಇಲ್ಲ. ಊರಿನ ಹೆಸರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ನಮ್ಮ ಹೆಸರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇಲ್ಲವೇ ಇಲ್ಲ. ಪ್ಯಾನ್ ಅರ್ಜಿಯಲ್ಲಿ ಇನಿಶಿಯಲ್ ಹಾಕಬೇಡಿ, ಬಿಡಿಸಿ ಬರೀರಿ ಅಂತಾರೆ. ಅಲ್ಲಿ ಅಪ್ಪನ ಹೆಸರು ನಮ್ಮ ಸರ್‌ನೇಮ್ ಆಗಿ ಕೂರುತ್ತೆ. ಒಬ್ಬರೇ ಮನುಷ್ಯ, ನಾಲ್ಕು ದಾಖಲೆ, ನಾಲ್ಕು ಹೆಸರು.

ಅದರ ಮೇಲೆ ಇಂಗ್ಲಿಷ್ ಸ್ಪೆಲಿಂಗ್. ಲಕ್ಷ್ಮಿ ಅಂತ ಎಷ್ಟು ಥರ ಬರೀಬಹುದು ಲೆಕ್ಕ ಹಾಕಿ. ಶಿವಕುಮಾರ ಅನ್ನೋದು ಒಂದು ಪದವೋ ಎರಡೋ? ಊರಲ್ಲಿ ಯಾರಿಗೂ ಇದು ಸಮಸ್ಯೆ ಅಲ್ಲ. ಹೆಸರು ಹೋಲಿಸೋ ಸಾಫ್ಟ್‌ವೇರ್‌ಗೆ ಇದು ಸಮಸ್ಯೆ.

ಇನ್ನು ವಿಳಾಸ. ಆಧಾರ್‌ನಲ್ಲಿ ದಾವಣಗೆರೆ ಹತ್ತಿರದ ಹಳ್ಳಿ, ಕೆಲಸ ಬೆಂಗಳೂರಲ್ಲಿ, ವಾಸ ಪಿಜಿಯಲ್ಲಿ. ಆರು ತಿಂಗಳಿಗೊಮ್ಮೆ ಪಿಜಿ ಬದಲು. ಪಿಜಿಯಲ್ಲಿ ಕರೆಂಟ್ ಬಿಲ್ ನಮ್ಮ ಹೆಸರಲ್ಲಿ ಬರಲ್ಲ, ಬಾಡಿಗೆ ಕರಾರು ಕೇಳಿದರೆ ಓನರ್ ನಗ್ತಾರೆ. ಪ್ರತಿ ತಿಂಗಳೂ ಸರಿಯಾಗಿ ಬಾಡಿಗೆ ಕಟ್ಟೋ ಹುಡುಗ ಅಥವಾ ಹುಡುಗಿ ದಾಖಲೆ ಪ್ರಕಾರ ಆ ಊರಲ್ಲಿ ಇಲ್ಲವೇ ಇಲ್ಲ.

ಇದಕ್ಕೆಲ್ಲ ನಿಮ್ಮ ಪ್ರಾಮಾಣಿಕತೆ ಜೊತೆ ಸಂಬಂಧ ಏನೂ ಇಲ್ಲ. ಆದರೆ "ರಿಜೆಕ್ಟ್" ಅನ್ನೋ ಒಂದೇ ಪದ ಬಂದಾಗ ಕಂತು ಮುಳುಗಿಸಿದವರೂ, ಇನಿಶಿಯಲ್ ಹಿಂದೆ-ಮುಂದೆ ಆದವರೂ ಒಂದೇ ಸಾಲಿನಲ್ಲಿ ನಿಲ್ತಾರೆ. ನನಗೆ ಸಿಟ್ಟು ಬರೋದು ಇದಕ್ಕೆ.

5/9

ಹೊರದೇಶಕ್ಕೆ ಓದೋಕೆ ಹೊರಟಿರೋ ಕ್ಲಾಸ್‌ಮೇಟ್‌ಗಳಿಗೆ ಇಲ್ಲೇ ಒಂದು ಮಾತು, ಯಾಕಂದ್ರೆ ಹೆಸರು-ವಿಳಾಸದ ಕಥೆ ಅಲ್ಲಿ ಇನ್ನೂ ಜೋರು.

ಉದಾಹರಣೆಗೆ ಬ್ರಿಟನ್. ಅಲ್ಲಿ ಫೋನ್ ತಗೊಳ್ಳೋ ಒಂದು ಸಾಮಾನ್ಯ ರೀತಿ ಕಾಂಟ್ರಾಕ್ಟ್: ಫೋನ್ ಮೊದಲೇ ಕೈಗೆ ಕೊಡ್ತಾರೆ, 24 ತಿಂಗಳೋ 36 ತಿಂಗಳೋ ತಿಂಗಳಿಗಿಷ್ಟು ಅಂತ ಕಟ್ಟಬೇಕು. ಅದಕ್ಕೆ ಕ್ರೆಡಿಟ್ ಚೆಕ್ ಮಾಡ್ತಾರೆ. ನಿಮ್ಮ ಇಲ್ಲಿನ 780 ಅಲ್ಲಿಯ ಕಂಪನಿಗೆ ಕಾಣಲ್ಲ. ಸಾಲ ಕಟ್ಟಿದ ಚರಿತ್ರೆ ಕೆಂಪೇಗೌಡ ಏರ್‌ಪೋರ್ಟ್‌ನಲ್ಲೇ ಉಳಿಯುತ್ತೆ, ಅಲ್ಲಿ ನೀವು ಖಾಲಿ ಹಾಳೆ.

ಅಲ್ಲೇ ಹುಟ್ಟಿ ಬೆಳೆದು, ಸ್ಕೋರ್ ಚೆನ್ನಾಗಿರೋರಿಗೂ ಕಾಂಟ್ರಾಕ್ಟ್ ನಿರಾಕರಣೆ ಆಗೋದುಂಟು. ಅಲ್ಲಿ ಬ್ಯೂರೋ ಮೂರಿವೆ. ಕಂಪನಿಗಳು ತಮ್ಮದೇ ಸ್ಕೋರ್ ಹಾಕ್ತವೆ, ಗ್ರಾಹಕರು ಆ್ಯಪ್‌ನಲ್ಲಿ ನೋಡೋ ನಂಬರ್ ಬೇರೆ. ನಮ್ಮಲ್ಲಿ ನಡೆಯೋದೂ ಇದೇ.

ಅಲ್ಲಿ ಸಹಾಯ ಆಗೋ ಒಂದು ವಿಷಯ ತುಂಬಾ ಭಾರತೀಯ ವಿದ್ಯಾರ್ಥಿಗಳ ಗಮನಕ್ಕೆ ಬರಲ್ಲ. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ಕಾನೂನುಬದ್ಧವಾಗಿ ಬ್ರಿಟನ್‌ನಲ್ಲಿ ವಾಸ ಮಾಡೋ ಭಾರತೀಯರು ಅಲ್ಲಿನ ಮತದಾರರ ಪಟ್ಟಿಗೆ ಸೇರಬಹುದು. ಸಾಲ ಕೊಡೋರು ಹೆಸರು, ವಿಳಾಸ ಖಚಿತ ಮಾಡಿಕೊಳ್ಳೋದು ಅದೇ ಪಟ್ಟಿ ನೋಡಿ. ಮೊದಲ ವರ್ಷ ಸಿಮ್-ಮಾತ್ರ ಪ್ಲಾನ್ ತಗೊಂಡು, ಮತದಾರರ ಪಟ್ಟಿಗೆ ಹೆಸರು ಸೇರಿಸಿ, ಆಮೇಲೆ ಕಾಂಟ್ರಾಕ್ಟ್ ಕೇಳೋದು ಜಾಣತನ.

6/9

ಈಗ ವಾಪಸ್ ನಮ್ಮ ಊರಿಗೆ.

ಕಿರಾಣಿ ಅಂಗಡಿಯಲ್ಲಿ "ಇಂದು ನಗದು, ನಾಳೆ ಉದ್ರಿ" ಅನ್ನೋ ಬೋರ್ಡ್ ನೋಡಿರ್ತೀರಿ. ಆ ಅಂಗಡಿಯವರೂ ಸಾಲ ಇಲ್ಲ ಅಂತಾರೆ. ಆದರೆ "ಯಾಕಣ್ಣ?" ಅಂತ ಕೇಳಿದರೆ ಉತ್ತರ ಸಿಗುತ್ತೆ: "ಹೋದ ತಿಂಗಳದ್ದು 340 ಬಾಕಿ ಇದೆಯಲ್ಲಪ್ಪ." ಬಾಕಿ ಇಲ್ಲದಿದ್ದರೆ ಅಲ್ಲೇ ಲೆಕ್ಕದ ಪುಸ್ತಕ ತೆಗೆಸಿ ತೋರಿಸಬಹುದು. ಅದು ನಮ್ಮ ಅಪ್ಪಂದಲ್ಲ, ಪಕ್ಕದ ಮನೆಯವರದ್ದು ಅಂತ ಹೇಳಬಹುದು. ಜಗಳ ಆಡೋಕಾದ್ರೂ ಒಂದು ವಿಷಯ ಇರುತ್ತೆ.

ಹಳೇ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ಆ ಉದ್ರಿ ಲೆಕ್ಕದಲ್ಲಿ ಜಾತಿ, ಕೇರಿ, ಯಾರ ಮನೆ ಮಗ ಅನ್ನೋದೆಲ್ಲ ಸೇರಿರುತ್ತಿತ್ತು. ಮುಖ ನೋಡದ ಕಂಪ್ಯೂಟರ್ ಅದಕ್ಕಿಂತ ಮೇಲು ಅನ್ನೋ ವಾದವನ್ನ ನಾನೂ ಒಪ್ತೀನಿ. ಆದರೆ ಕಂಪ್ಯೂಟರ್ ನಿಷ್ಪಕ್ಷಪಾತ ಅಂತ ನಂಬಬೇಕಾದರೆ ಅದು ಏನು ನೋಡಿತು ಅಂತ ಗೊತ್ತಾಗಬೇಕು. ಪಿನ್ ಕೋಡ್ ನೋಡಿ ಬೇಡ ಅಂದಿದ್ದರೆ ಅದೂ ಕೇರಿ ನೋಡಿದ ಹಾಗೇ ಅಲ್ವಾ?

ಕಂಪನಿ ಕಡೆಯ ವಾದವೂ ಇದೆ. ಒಂದು, ದುಡ್ಡು ಅವರದ್ದು. ನಿಜ. ಎರಡು, ಕಾರಣ ಹೇಳಿದರೆ ಮೋಸ ಮಾಡೋರು ಅದನ್ನೇ ಕಲಿತು ಒಳಗೆ ನುಗ್ತಾರೆ. ಇದರಲ್ಲೂ ಸ್ವಲ್ಪ ನಿಜ ಇದೆ. ಆದರೆ ನಾವು ಅವರ ಪೂರ್ತಿ ಸೂತ್ರ ಕೇಳ್ತಿಲ್ಲ. "ಹೆಸರು ಹೊಂದಾಣಿಕೆ ಆಗಿಲ್ಲ", "ಆದಾಯಕ್ಕೆ ಹೋಲಿಸಿದರೆ ಕಂತು ಜಾಸ್ತಿ", "ಈ ಪಿನ್ ಕೋಡ್‌ನಲ್ಲಿ ನಮ್ಮ ಸೇವೆ ಇಲ್ಲ". ಇಂಥ ಒಂದು ಸಾಲು ಸಾಕು. ಅಮೆರಿಕದಲ್ಲಿ ಸಾಲ ನಿರಾಕರಿಸಿದರೆ 30 ದಿನದೊಳಗೆ ತಿಳಿಸಬೇಕು, ನಿರ್ದಿಷ್ಟ ಕಾರಣ ಕೊಡಬೇಕು ಅನ್ನೋ ಕಾನೂನು ದಶಕಗಳಿಂದ ಇದೆ. ಅದರಿಂದ ಅಲ್ಲಿನ ಬ್ಯಾಂಕ್‌ಗಳು ಬಾಗಿಲು ಹಾಕಿಕೊಂಡಿಲ್ಲ.

7/9

ನಮ್ಮಲ್ಲಿ ನಿಯಮ ಏನೂ ಇಲ್ವಾ? ಇದೆ.

2007ರಲ್ಲೇ ಆರ್‌ಬಿಐ ಬ್ಯಾಂಕ್‌ಗಳಿಗೆ ಹೇಳಿದೆ: ಎಷ್ಟೇ ಮೊತ್ತದ ಸಾಲ ಇರಲಿ, ಕ್ರೆಡಿಟ್ ಕಾರ್ಡ್ ಅರ್ಜಿಯೇ ಇರಲಿ, ನಿರಾಕರಿಸಿದರೆ ಮುಖ್ಯ ಕಾರಣವನ್ನ ಲಿಖಿತವಾಗಿ ತಿಳಿಸಬೇಕು. ಅಂಗಡಿ ಕೌಂಟರ್‌ಗಳಲ್ಲಿ ಕೂರೋ ಎನ್‌ಬಿಎಫ್‌ಸಿಗಳಿಗೂ ನ್ಯಾಯಯುತ ವ್ಯವಹಾರದ ಸಂಹಿತೆ ಇದೆ. ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರ ಎಲ್ಲರಿಗೂ ಕಾಣೋ ಹಾಗೆ ಹಾಕಬೇಕು. ಸಾಲಗಾರರಿಗೆ ಕಳಿಸೋ ಪತ್ರ, ಮಾಹಿತಿ ಎಲ್ಲ ಸ್ಥಳೀಯ ಭಾಷೆಯಲ್ಲಿ ಅಥವಾ ಅವರಿಗೆ ಅರ್ಥವಾಗೋ ಭಾಷೆಯಲ್ಲಿ ಇರಬೇಕು. ಹಾಗಾಗಿ ಕನ್ನಡದಲ್ಲಿ ಉತ್ತರ ಕೇಳೋಕೆ ಸಂಕೋಚ ಬೇಡ.

ರಿಪೋರ್ಟ್ ವಿಷಯದಲ್ಲೂ ಹಕ್ಕುಗಳಿವೆ. ಪ್ರತಿ ಬ್ಯೂರೋ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ನಾಲ್ಕು ಬ್ಯೂರೋ, ಅಂದ್ರೆ ವರ್ಷಕ್ಕೆ ನಾಲ್ಕು ರಿಪೋರ್ಟ್ ಉಚಿತ. ನಿಮ್ಮ ರಿಪೋರ್ಟ್ ನೀವೇ ನೋಡಿದರೆ ಸ್ಕೋರ್ ಇಳಿಯಲ್ಲ. ತಪ್ಪು ಕಂಡು ದೂರು ಕೊಟ್ಟರೆ 30 ದಿನದೊಳಗೆ ಸರಿ ಮಾಡಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಈ ಪರಿಹಾರದ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 2025ರ ಜನವರಿಯಿಂದ ಸಾಲ ಕೊಡೋರು ಕನಿಷ್ಠ 15 ದಿನಕ್ಕೊಮ್ಮೆಯಾದರೂ ಬ್ಯೂರೋಗೆ ಮಾಹಿತಿ ಕಳಿಸಬೇಕು, ಹಾಗಾಗಿ ತೀರಿಸಿದ ಸಾಲ ತಿಂಗಳುಗಟ್ಟಲೆ "ಬಾಕಿ" ಅಂತ ಕೂರಬಾರದು.

ಇನ್ನೂ ಒಂದೂ ಸಾಲ ತಗೊಳ್ಳದವರಿಗೆ: ಸಾಲದ ಚರಿತ್ರೆ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಮೊದಲ ಸಲದ ಅರ್ಜಿಯನ್ನ ತಿರಸ್ಕರಿಸಬಾರದು ಅಂತ ಆರ್‌ಬಿಐ ಹೇಳಿದೆ. ಇಷ್ಟು ಸ್ಕೋರ್ ಇರಲೇಬೇಕು ಅಂತ ಆರ್‌ಬಿಐ ಎಲ್ಲೂ ಕನಿಷ್ಠ ಮಿತಿ ಹಾಕಿಲ್ಲ.

ನಿಯಮದ ಮಿತಿಯನ್ನೂ ಹೇಳಬೇಕು. ಆರ್‌ಬಿಐ ಓಂಬುಡ್ಸ್‌ಮನ್ ಹತ್ತಿರ ಹೋದರೂ "ಇವರಿಗೆ ಸಾಲ ಕೊಡಿ" ಅಂತ ಆದೇಶ ಸಿಗಲ್ಲ. ಸಾಲ ಕೊಡೋದು ಬಿಡೋದು ಕಂಪನಿಯ ವ್ಯಾವಹಾರಿಕ ತೀರ್ಮಾನ. ಆದರೆ ರಿಪೋರ್ಟ್‌ನಲ್ಲಿ ತಪ್ಪಿದ್ದು ಸರಿ ಮಾಡದಿದ್ದರೆ, ದೂರಿಗೆ ಉತ್ತರವೇ ಕೊಡದಿದ್ದರೆ ಅಲ್ಲಿಗೆ ಹೋಗಬಹುದು. 2022ರ ಸೆಪ್ಟೆಂಬರ್‌ನಿಂದ ಬ್ಯೂರೋಗಳೂ ಅದರ ವ್ಯಾಪ್ತಿಗೆ ಬಂದಿವೆ. ದೂರಿಗೆ ಶುಲ್ಕ ಇಲ್ಲ. ಸಹಾಯವಾಣಿ 14448.

8/9

ರಿಜೆಕ್ಟ್ ಆದ ದಿನ ಸಂಜೆ ಮಾಡಬಾರದ ಮೂರು ಕೆಲಸ.

ಒಂದು, ಅದೇ ಸಿಟ್ಟಲ್ಲಿ ಇನ್ನೂ ನಾಲ್ಕು ಕಡೆ ಅಪ್ಲೈ ಮಾಡೋದು. ನೀವು ಸಾಲ ಕೇಳಿದಾಗ ಕಂಪನಿ ತೆಗೆಯೋ ಪ್ರತಿ ರಿಪೋರ್ಟ್ ಕೂಡ ದಾಖಲಾಗುತ್ತೆ. ಒಂದೇ ವಾರದಲ್ಲಿ ಐದು ವಿಚಾರಣೆ ಕಂಡರೆ ಮುಂದಿನವರು "ಇವರಿಗೆ ದುಡ್ಡಿನ ಅವಸರ ಇದೆ" ಅಂದ್ಕೊಳ್ತಾರೆ. ಸ್ಕೋರ್ ಕೂಡ ಇಳಿಯಬಹುದು.

ಎರಡು, ಗೆಳೆಯನ ಪ್ಯಾನ್ ಮೇಲೋ ಅಕ್ಕನ ಕಾರ್ಡ್ ಮೇಲೋ ಫೋನ್ ತಗೊಳ್ಳೋದು. ಕಂತು ನೀವು ಕಟ್ಟಿದರೂ ಸಾಲ ಅವರದ್ದು. ಒಂದು ತಿಂಗಳು ನಿಮ್ಮ ಸಂಬಳ ತಡವಾದರೆ ಅವರ ರಿಪೋರ್ಟ್ ಕೆಡುತ್ತೆ. ಹತ್ತು ಕಂತಿಗೆ ಹತ್ತು ವರ್ಷದ ಸ್ನೇಹ ಅಡ ಇಡಬೇಡಿ.

ಮೂರು, "ಐದು ನಿಮಿಷದಲ್ಲಿ ಸಾಲ, ಸಿಬಿಲ್ ಬೇಡ" ಅನ್ನೋ ಆ್ಯಪ್. ಹಿಂದೆ ಯಾವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ ಇದೆ ಅಂತ ಹೇಳದ, ಕಾಂಟ್ಯಾಕ್ಟ್ ಮತ್ತು ಗ್ಯಾಲರಿಗೆ ಅನುಮತಿ ಕೇಳೋ ಆ್ಯಪ್ ಹತ್ತಿರವೂ ಹೋಗಬೇಡಿ. ಇಂಥ ಆ್ಯಪ್‌ಗಳು ಮನೆಯವರಿಗೆಲ್ಲ ಫೋನ್ ಮಾಡಿ ಮರ್ಯಾದೆ ತೆಗೆದ ಕಥೆಗಳನ್ನ ಪೇಪರ್‌ನಲ್ಲಿ ಓದಿದ್ದೀರಿ. ದೊಡ್ಡ ಕಂಪನಿ ಕಾರಣ ಹೇಳದೆ ಹೊರಗೆ ಕಳಿಸಿದಾಗ ನಮ್ಮ ವಯಸ್ಸಿನವರು ಹೋಗಿ ಬೀಳೋದು ಇಲ್ಲೇ. ಅದಕ್ಕೇ ಇದು ಬರೀ ಒಂದು ಫೋನಿನ ವಿಷಯ ಅಲ್ಲ ಅಂತ ನಾನು ಹೇಳೋದು.

9/9

ಮಾಡಬೇಕಾದ್ದು ಇಷ್ಟು. ಉಚಿತ ರಿಪೋರ್ಟ್ ತೆಗೀರಿ, ಬ್ಯೂರೋದ ಸ್ವಂತ ವೆಬ್‌ಸೈಟ್‌ನಿಂದಲೇ. ನಿಮ್ಮದಲ್ಲದ ಸಾಲ ಇದೆಯಾ, ತೀರಿಸಿದ್ದು ಮುಚ್ಚಿದೆಯಾ, ಹೆಸರು, ವಿಳಾಸ, ಹುಟ್ಟಿದ ದಿನ ಸರಿ ಇದೆಯಾ ನೋಡಿ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಮಾಡಿಸಿ. ಇದನ್ನ ಸಾಲ ಬೇಕಾಗೋ ಮೊದಲೇ ಮಾಡಿಸಿಡಿ.

ಆಮೇಲೆ ಕಂಪನಿಗೆ ಬರೀರಿ. ಈ ಒಕ್ಕಣೆ ಕಾಪಿ ಮಾಡ್ಕೊಳ್ಳಿ:

"ಮಾನ್ಯರೇ, ಇಂಥ ದಿನಾಂಕದಂದು ಸಲ್ಲಿಸಿದ ನನ್ನ ಸಾಲದ ಅರ್ಜಿ ನಿರಾಕರಣೆಯಾಗಿದೆ. ನಿರಾಕರಣೆಯ ಮುಖ್ಯ ಕಾರಣವನ್ನು ಹಾಗೂ ನೀವು ಪರಿಶೀಲಿಸಿದ ಕ್ರೆಡಿಟ್ ಬ್ಯೂರೋದ ಹೆಸರನ್ನು ದಯವಿಟ್ಟು ಲಿಖಿತವಾಗಿ, ಕನ್ನಡದಲ್ಲಿ ತಿಳಿಸಿ."

ಅಷ್ಟೇ. ಬೈಗುಳ ಬೇಡ, ಕಥೆ ಬೇಡ. ಅರ್ಜಿ ನಂಬರ್ ಹಾಕಿ, ಕಸ್ಟಮರ್ ಕೇರ್ ಮುಗಿದ ಮೇಲೆ ಕುಂದುಕೊರತೆ ಅಧಿಕಾರಿಗೆ ಕಳಿಸಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. 30 ದಿನ ಆದರೂ ಉತ್ತರ ಇಲ್ಲದಿದ್ದರೆ ಓಂಬುಡ್ಸ್‌ಮನ್ ಇದೆ.

ಮನೆಯಲ್ಲಿ ಹಿರಿಯರು "ಹಾಸಿಗೆ ಇದ್ದಷ್ಟು ಕಾಲು ಚಾಚು, ಕ್ಯಾಶ್ ಇದ್ದಾಗ ಫೋನ್ ತಗೋ" ಅಂತಾರೆ. ಆ ಮಾತಲ್ಲಿ ತಪ್ಪಿಲ್ಲ. ದುಡ್ಡು ಕೂಡಿಟ್ಟು ತಗೊಳ್ಳೋದು ಯಾವತ್ತೂ ಒಳ್ಳೇದೇ. ಆದರೆ ಇವತ್ತು ಫೋನ್‌ಗೆ ಬಂದ ಉತ್ತರವೇ ನಾಳೆ ತಂಗಿಯ ಎಜುಕೇಶನ್ ಲೋನ್‌ಗೆ, ಮನೆ ಸಾಲಕ್ಕೆ ಬರಬಹುದು. ಫೋನ್ ಇಲ್ಲದೆ ಇರಬಹುದು. ಕಾರಣ ಗೊತ್ತಿಲ್ಲದೆ ಆ ಸಾಲಗಳಿಗೆ ಅಲೆಯೋದು ಕಷ್ಟ.

ಹಾಗಾಗಿ ಕೇಳಿ. ನಮ್ಮ ಒಬ್ಬರ ಮೇಲ್‌ಗೆ ಅವರು ಕಾಪಿ-ಪೇಸ್ಟ್ ಉತ್ತರ ಕೊಡಬಹುದು. ರಿಜೆಕ್ಟ್ ಆದ ಪ್ರತಿಯೊಬ್ಬರೂ ಕೇಳೋಕೆ ಶುರು ಮಾಡಿದರೆ ಕಾರಣ ಹೇಳೋ ಒಂದು ಸಾಲನ್ನ ಸಿಸ್ಟಮ್‌ಗೇ ಸೇರಿಸೋದು ಅವರಿಗೂ ಸುಲಭ ಅನಿಸುತ್ತೆ.

ನಿಮಗೆ ಹೀಗೆ ಆಗಿದ್ದರೆ, ಕೊನೆಗೆ ಸಿಕ್ಕ ಕಾರಣ ಏನು ಅಂತ ಕಾಮೆಂಟ್‌ನಲ್ಲಿ ಬರೀರಿ. ಪ್ಯಾನ್ ನಂಬರ್, ಫೋನ್ ನಂಬರ್ ಮಾತ್ರ ಯಾರೂ ಹಾಕಬೇಡಿ. ಈಗಷ್ಟೇ ಕೆಲಸಕ್ಕೆ ಸೇರಿರೋ ಒಬ್ಬ ಗೆಳೆಯನಿಗೋ ಗೆಳತಿಗೋ ಇದನ್ನ ಕಳಿಸಿ.

#ಕಾರಣ_ಹೇಳಿ #ಸಿಬಿಲ್ #ಇಎಂಐ #ಕನ್ನಡದಲ್ಲಿ_ದುಡ್ಡಿನ_ಮಾತು